ಹೊಳೆಯ ಈಚೆ 800, ಆಚೆ 4,000: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ರಾಯಚೂರು ಜಿಲ್ಲೆ
ನವೆಂಬರ್ 2025

ಮಾನ್ಯ ಮುಖ್ಯಮಂತ್ರಿಗಳಿಗೆ ಮತ್ತು ಮಾನ್ಯ ಕಂದಾಯ ಸಚಿವರಿಗೆ,

ನಮಸ್ಕಾರಗಳು.

ನಾನು 1984ರಿಂದ 2019ರವರೆಗೆ ತುಂಗಭದ್ರೆಯ ದಂಡೆಯ ಮೇಲಿರುವ ನಮ್ಮೂರಿನ ಅಂಚೆ ಶಾಖೆಯನ್ನು ನಡೆಸಿದವನು. ಶಾಖೆ ಎಂದರೆ ದೊಡ್ಡ ಕಟ್ಟಡವೇನೂ ಅಲ್ಲ. ನಮ್ಮ ಮನೆಯ ಪಡಸಾಲೆ, ಒಂದು ಮರದ ಪೆಟ್ಟಿಗೆ, ಒಂದು ತಕ್ಕಡಿ, ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಒಂದು ಮಸಿಯ ಡಬ್ಬಿ, ಇಷ್ಟೇ. ಮನಿಯಾರ್ಡರುಗಳ ಕಟ್ಟು ಬಂದಿದೆ ಎಂಬ ಸುದ್ದಿ ನಾನು ಬಾಯಿ ಬಿಡುವ ಮೊದಲೇ ಊರಿಗೆಲ್ಲ ಮುಟ್ಟಿರುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಕಟ್ಟೆಯ ಮೇಲೆ ಮುದುಕರು, ಮುದುಕಿಯರು, ಗಂಡನನ್ನು ಕಳೆದುಕೊಂಡ ಹೆಂಗಸರು, ಕೋಲು ಹಿಡಿದ ಅಂಗವಿಕಲರು ಸಾಲಾಗಿ ಕುಳಿತಿರುತ್ತಿದ್ದರು. ಅವರಲ್ಲಿ ಒಬ್ಬರೂ ‘ಪಿಂಚಣಿ’ ಎನ್ನುತ್ತಿರಲಿಲ್ಲ, ‘ಸಹಾಯಧನ’ ಎನ್ನುತ್ತಿರಲಿಲ್ಲ, ‘ಮಾಸಾಶನ’ವಂತೂ ಅವರ ನಾಲಿಗೆಗೆ ಹೊರಳದ ಮಾತು. ‘ಪಗಾರ ಬಂತೇನ್ರಿ ಮಾಸ್ತರ್?’ ಎಂದೇ ಕೇಳುತ್ತಿದ್ದರು. ಮೊದಮೊದಲು ನಾನು ಅದನ್ನು ತಿದ್ದಲು ಹೋಗಿದ್ದೂ ಉಂಟು. ಪಗಾರವೆಂದರೆ ದುಡಿದದ್ದಕ್ಕೆ ಕೊಡುವ ಸಂಬಳವಲ್ಲವೇ ಎಂದು ಒಮ್ಮೆ ಕೇಳಿದಾಗ ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬಳು, ‘ನಾಕ್ ಮಂದಿ ಗೌಡ್ರ ಹೊಲ ಹಸನ ಮಾಡೀನಿ, ಇದು ಅದರ ಬಾಕಿ ಅಂತ ತಿಳ್ಕೊ’ ಎಂದಳು. ಅಂದಿನಿಂದ ನಾನೂ ಪಗಾರ ಎಂದೇ ಹೇಳುತ್ತ ಬಂದೆ. ಈ ಪತ್ರದಲ್ಲಿಯೂ ಅಲ್ಲಲ್ಲಿ ಅದೇ ಮಾತು ಬಂದರೆ ತಾವು ತಪ್ಪು ತಿಳಿಯಬಾರದು.

ನಮ್ಮೂರಿನಿಂದ ಹೊಳೆ ದಾಟಿದರೆ ಆಂಧ್ರಪ್ರದೇಶ. ಬೇಸಿಗೆಯಲ್ಲಿ ನೀರು ಬತ್ತಿದಾಗ ಬಂಡೆಗಳ ಮೇಲೆ ಕಾಲಿಟ್ಟು ಆಚೆ ದಡ ಮುಟ್ಟಬಹುದು. ಹೆಣ್ಣು ಕೊಟ್ಟು ತರುವುದು, ಜಾತ್ರೆ, ಸಂತೆ, ಸಾವಿನ ಸೂತಕ ಯಾವುದಕ್ಕೂ ನಮಗೆ ಈ ಹೊಳೆ ಗಡಿಯಾಗಿಲ್ಲ. ಈಚೆ ದಡದವರಿಗೆ ತೆಲುಗು ಬರುತ್ತದೆ, ಆಚೆ ದಡದವರಿಗೆ ಕನ್ನಡ ಬರುತ್ತದೆ. ನಮ್ಮ ಓಣಿಯಲ್ಲಿ ಐವತ್ತೆಂಟು ವರ್ಷದ ವಿಧವೆಯೊಬ್ಬರಿದ್ದಾರೆ, ಅವರ ಒಡಹುಟ್ಟಿದ ಅಕ್ಕ ಆಚೆ ದಡದ ಊರಿನಲ್ಲಿದ್ದಾರೆ, ಅವರೂ ವಿಧವೆ. ತಂಗಿಗೆ ನಮ್ಮ ಸರ್ಕಾರ ತಿಂಗಳಿಗೆ 800 ರೂಪಾಯಿ ಕೊಡುತ್ತದೆ. ಅಕ್ಕನಿಗೆ ಅಲ್ಲಿನ ಸರ್ಕಾರ 2024ರ ಜುಲೈನಿಂದ ತಿಂಗಳಿಗೆ 4,000 ರೂಪಾಯಿ ಕೊಡುತ್ತಿದೆ, ಅದೂ ಒಂದನೆಯ ತಾರೀಖಿಗೆ ಅಲ್ಲಿನ ಗ್ರಾಮ ಸಚಿವಾಲಯದ ನೌಕರರು ಮನೆ ಬಾಗಿಲಿಗೆ ಬಂದು ಎಣಿಸಿ ಕೊಟ್ಟು ಹೋಗುತ್ತಾರೆ. ನಮ್ಮ ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿ, ಕೃಷ್ಣೆಯ ಆಚೆ ತೆಲಂಗಾಣದಲ್ಲಿ, ಅದೇ ಪಗಾರ 2019ರಿಂದಲೇ 2,016 ರೂಪಾಯಿ. ಆಯಾ ರಾಜ್ಯದ ಷರತ್ತುಗಳು ಬೇರೆ, ಸಾಲದ ಹೊರೆ ಬೇರೆ, ರಾಜಕೀಯದ ಲೆಕ್ಕಾಚಾರ ಬೇರೆ ಎಂಬುದು ನನಗೂ ಗೊತ್ತು. ನಮ್ಮಲ್ಲಿ ಗೃಹಲಕ್ಷ್ಮಿಯ 2,000 ಉಂಟಲ್ಲ ಎಂದು ತಾವು ಹೇಳಬಹುದು, ಅದು ನ್ಯಾಯವಾದ ಮಾತೇ. ಆದರೆ ಈ ತಂಗಿಯ ಹೆಸರಿರುವುದು ಮಗನ ಪಡಿತರ ಚೀಟಿಯಲ್ಲಿ, ಅದರ ಯಜಮಾನಿ ಸೊಸೆ. ಹೀಗಾಗಿ ದೀಪಾವಳಿಗೆ ತವರಿಗೆ ಬಂದ ಅಕ್ಕ ತಂಗಿಯ ಕೈಗೆ 500ರ ನೋಟು ತುರುಕಿ ಹೋಗುತ್ತಾಳೆ, ನಮ್ಮ ರಾಜ್ಯದ ವಿಧವಾ ವೇತನಕ್ಕೆ ನೆರೆ ರಾಜ್ಯದ ವಿಧವಾ ವೇತನ ತುಟ್ಟಿಭತ್ಯೆ ಕೊಟ್ಟ ಹಾಗೆ.

ತುಟ್ಟಿಭತ್ಯೆಯ ಮಾತು ಬಂತು, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಸರ್ಕಾರಿ ನೌಕರನ ಸಂಬಳಕ್ಕೆ ಜನವರಿಗೊಮ್ಮೆ, ಜುಲೈಗೊಮ್ಮೆ ಬೆಲೆಯೇರಿಕೆಯ ಲೆಕ್ಕ ಸೇರುತ್ತದೆ. ಉದ್ಯೋಗ ಖಾತ್ರಿಯ ಕೂಲಿಯನ್ನೂ 2011ರಿಂದ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ದಾರೆ. ಆ ವರ್ಷ ಕರ್ನಾಟಕದಲ್ಲಿ ದಿನಕ್ಕೆ 125 ರೂಪಾಯಿ ಇದ್ದ ಕೂಲಿ ಈ ವರ್ಷ 370 ಆಗಿದೆ. ಅದು ಸಾಲದು ಎಂಬ ತಕರಾರು ಬೇರೆ, ಆದರೆ ಏರಿದ್ದಂತೂ ನಿಜ, ಏರಲು ಯಾರೂ ಯಾರ ಕಾಲಿಗೂ ಬೀಳಬೇಕಾಗಿ ಬರಲಿಲ್ಲ. ಮುದುಕರ ಪಗಾರಕ್ಕೆ ಮಾತ್ರ ಇಂಥ ಯಾವ ಹಗ್ಗವನ್ನೂ ಕಟ್ಟಿಲ್ಲ. ಅದು ಮುಖ್ಯಮಂತ್ರಿಗಳು ಬದಲಾದಾಗ, ಬಜೆಟ್ ಭಾಷಣಕ್ಕೆ ಚಪ್ಪಾಳೆ ಬೇಕಾದಾಗ, ಒಮ್ಮೊಮ್ಮೆ ಜಿಗಿಯುತ್ತದೆ, ಆಮೇಲೆ ವರ್ಷಗಟ್ಟಲೆ ಕುಳಿತಲ್ಲೇ ಕುಳಿತಿರುತ್ತದೆ. 2007ರಲ್ಲಿ ಅರವತ್ತೈದು ದಾಟಿದವರ ಪಗಾರವಾದ ಸಂಧ್ಯಾ ಸುರಕ್ಷಾ ಆರಂಭವಾದಾಗ ನಾನು ಎಣಿಸಿ ಕೊಟ್ಟದ್ದು ನೂರರ ನಾಲ್ಕು ನೋಟು. ಕೊನೆಯ ಏರಿಕೆ ಆದದ್ದು 2021ರಲ್ಲಿ: ಸಂಧ್ಯಾ ಸುರಕ್ಷಾ 1,000ದಿಂದ 1,200ಕ್ಕೆ, ವಿಧವಾ ವೇತನ 600ರಿಂದ 800ಕ್ಕೆ. ಅಂದು ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 289 ರೂಪಾಯಿ ಇತ್ತು. ಕೂಲಿ ಏರಿದ ಪ್ರಮಾಣದಲ್ಲಿಯೇ ಪಗಾರವೂ ಏರಿದ್ದರೆ 1,200 ರೂಪಾಯಿ ಇಂದು 1,536 ಆಗಬೇಕಿತ್ತು, 800 ರೂಪಾಯಿ 1,024 ಆಗಬೇಕಿತ್ತು. ನಾನು ಇಲ್ಲಿ ಹೊಸದಾಗಿ ಏನನ್ನೂ ಬೇಡುತ್ತಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. 2021ರಲ್ಲಿ ಸರ್ಕಾರ ಕೊಟ್ಟದ್ದನ್ನು ಬೆಲೆಯೇರಿಕೆ ತಿಂದು ಹಾಕಿದೆ, ತಿಂದಷ್ಟನ್ನು ತುಂಬಿಕೊಡಿ ಎನ್ನುತ್ತಿದ್ದೇನೆ. ಸಂಧ್ಯಾ ಸುರಕ್ಷಾ ಪಡೆಯುವವರು 2021ರಲ್ಲಿ ಸುಮಾರು 36 ಲಕ್ಷ, ವಿಧವಾ ವೇತನ ಪಡೆಯುವವರು 17 ಲಕ್ಷಕ್ಕೂ ಹೆಚ್ಚು ಎಂದು ಸರ್ಕಾರವೇ ಹೇಳಿತ್ತು. ಆ ಸಂಖ್ಯೆಗಳನ್ನೇ ಹಿಡಿದು ಲೆಕ್ಕ ಹಾಕಿದರೆ ವರ್ಷಕ್ಕೆ ಒಂದಕ್ಕೆ ಸುಮಾರು 1,450 ಕೋಟಿ, ಇನ್ನೊಂದಕ್ಕೆ ಸುಮಾರು 460 ಕೋಟಿ ರೂಪಾಯಿ ಹೆಚ್ಚು ಬೇಕಾಗುತ್ತದೆ. ಸಣ್ಣ ಮೊತ್ತವಲ್ಲ. ಆದರೆ ಗೃಹಲಕ್ಷ್ಮಿ ಒಂದಕ್ಕೇ ಈ ವರ್ಷದ ಬಜೆಟ್ಟಿನಲ್ಲಿ 28,608 ಕೋಟಿ ತೆಗೆದಿಟ್ಟಿರುವ ರಾಜ್ಯಕ್ಕೆ ಇದು ಎಟುಕದ ಮೊತ್ತವೂ ಅಲ್ಲ.

ಇನ್ನೊಂದು ಪ್ರಶ್ನೆಯನ್ನು ಇಲ್ಲಿಯೇ ಕೇಳಿಬಿಡಬೇಕು. ಅರವತ್ತೈದು ದಾಟಿದವರಿಗೆ 1,200, ವಿಧವೆಗೆ 800 ಎಂದು ಯಾವ ಲೆಕ್ಕದಲ್ಲಿ ನಿಗದಿ ಮಾಡಿದರು? ಮೂವತ್ತರ ಹರೆಯದಲ್ಲಿ ಗಂಡ ಸತ್ತು ಎರಡು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡವಳ ಖರ್ಚು ಮುದುಕಿಯ ಖರ್ಚಿಗಿಂತ 400 ರೂಪಾಯಿ ಕಡಿಮೆ ಇರುತ್ತದೆ ಎಂದು ಯಾರಿಗೆ ಹೊಳೆಯಿತು?

ಈಗ ನಾನು ಈ ಪತ್ರ ಬರೆಯಲು ಕುಳಿತ ಮುಖ್ಯ ಕಾರಣಕ್ಕೆ ಬರುತ್ತೇನೆ. ವಿಧವಾ ವೇತನಕ್ಕೆ ಅರ್ಜಿ ಹಾಕುವವಳ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು. ಮೀರಿಲ್ಲ ಎಂದು ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತರಬೇಕು. ಉದ್ಯೋಗ ಖಾತ್ರಿ ಕಾಯ್ದೆ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ ಕೊಡುತ್ತೇನೆ ಎನ್ನುತ್ತದೆ, ದಿನಕ್ಕೆ 370ರಂತೆ 100 ದಿನಕ್ಕೆ 37,000 ರೂಪಾಯಿ ಆಗುತ್ತದೆ. ಅಂದರೆ ಒಬ್ಬ ವಿಧವೆ ಬೇಸಿಗೆಯ ಬಿಸಿಲಲ್ಲಿ ಕೆರೆಯ ಹೂಳೆತ್ತಿ, ಕಾಯ್ದೆ ತನಗೆ ಕೊಟ್ಟ ನೂರು ದಿನಗಳನ್ನೂ ದುಡಿದರೆ, ಕಂದಾಯ ಇಲಾಖೆಯ ಕಣ್ಣಿಗೆ ಅವಳು ಬಡವಳಲ್ಲ. ಎಂಬತ್ತೇಳನೆಯ ದಿನ ಸಲಿಕೆ ಎತ್ತಿದ ಕೂಡಲೇ ಅವಳು 32,000ದ ಗೆರೆ ದಾಟಿ ಅನರ್ಹಳಾಗುತ್ತಾಳೆ. ಸರ್ಕಾರದ ಒಂದು ಕೈ ದುಡಿ ಎನ್ನುತ್ತದೆ, ಇನ್ನೊಂದು ಕೈ ದುಡಿದದ್ದಕ್ಕೆ ದಂಡ ಹಾಕುತ್ತದೆ. ಇದೇ ಸರ್ಕಾರದ ಆಹಾರ ಇಲಾಖೆ ಬಿಪಿಎಲ್ ಪಡಿತರ ಚೀಟಿಗೆ ಇಟ್ಟ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ಅಕ್ಕಿ ಅಳೆಯುವಾಗ ಬಡವಳಾಗಿದ್ದ ಹೆಂಗಸು ಅದೇ ತಾಲ್ಲೂಕು ಕಚೇರಿಯ ಪಕ್ಕದ ಕೋಣೆಗೆ ಹೋಗುವಷ್ಟರಲ್ಲಿ ಉಳ್ಳವಳಾಗುವ ಪವಾಡ ಹೇಗೆ ನಡೆಯುತ್ತದೆಯೋ ನನಗಂತೂ ತಿಳಿದಿಲ್ಲ.

ಹಾಗಾದರೆ ಹದಿನೇಳು ಲಕ್ಷ ಹೆಂಗಸರಿಗೆ ಈ ಪಗಾರ ಸಿಕ್ಕಿದ್ದು ಹೇಗೆ? ಸುಳ್ಳು ಹೇಳಿ. ಈ ಮಾತನ್ನು ನಾನು ಆಪಾದನೆಯಾಗಿ ಹೇಳುತ್ತಿಲ್ಲ, ತಪ್ಪೊಪ್ಪಿಗೆಯಾಗಿ ಹೇಳುತ್ತಿದ್ದೇನೆ, ಏಕೆಂದರೆ ನೂರಾರು ಅರ್ಜಿಗಳನ್ನು ನನ್ನ ಕೈಯಾರೆ ಬರೆದುಕೊಟ್ಟಿದ್ದೇನೆ. ವಾರ್ಷಿಕ ಆದಾಯ ಎಂಬ ಖಾನೆಯ ಮುಂದೆ 11,000, 12,000, ಹೆಚ್ಚೆಂದರೆ 20,000 ಎಂದು ಬರೆಯುವುದು ನಮ್ಮ ಕಡೆಯ ರೂಢಿ. ಬರೆಯುವವನಿಗೆ ಗೊತ್ತು, ಸಹಿ ಹಾಕುವವನಿಗೆ ಗೊತ್ತು, ಮೊಹರು ಒತ್ತುವವನಿಗೂ ಗೊತ್ತು, ತಿಂಗಳಿಗೆ ಸಾವಿರ ರೂಪಾಯಿಯಲ್ಲಿ ನಾಲ್ಕು ಜನರ ಸಂಸಾರ ಇಂದಿನ ದಿನದಲ್ಲಿ ನಡೆಯುವುದಿಲ್ಲವೆಂದು. ಆದರೂ ಎಲ್ಲರೂ ಸೇರಿ ಈ ಸುಳ್ಳನ್ನು ನಡೆಸಿಕೊಂಡು ಬಂದಿದ್ದೇವೆ. ಸುಳ್ಳು ಹೇಳಿಸುವ ನಿಯಮದ ಕೆಡುಕು ಏನೆಂದರೆ, ಅದು ಬಡವರನ್ನೂ ಕಳ್ಳರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿಬಿಡುತ್ತದೆ. ಹತ್ತು ಎಕರೆ ನೀರಾವರಿ ಇದ್ದು ಪೇಟೆಯಲ್ಲಿ ಅಂಗಡಿ ನಡೆಸುವವನ ತಾಯಿಯ ಹೆಸರಿನ ಮುಂದೆಯೂ 12,000, ಕೂಲಿ ಮಾಡಿ ಉಣ್ಣುವವಳ ಮುಂದೆಯೂ 12,000. ನಾಳೆ ಯಾರಾದರೂ ತನಿಖೆಗೆ ಬಂದರೆ ಮೊದಲನೆಯವಳ ಮಗನಿಗೆ ಯಾರ ಬಾಗಿಲು ತಟ್ಟಬೇಕೆಂದು ಗೊತ್ತಿರುತ್ತದೆ. ಎರಡನೆಯವಳಿಗೆ ತನ್ನ ಪಗಾರ ನಿಂತದ್ದು ತಿಳಿಯುವುದಕ್ಕೇ ಮೂರು ತಿಂಗಳು ಬೇಕಾಗುತ್ತದೆ.

ಇದಕ್ಕೆ ಪರಿಹಾರವನ್ನು ಹುಡುಕಿಕೊಂಡು ಎಲ್ಲಿಗೋ ಹೋಗಬೇಕಿಲ್ಲ, ಅದನ್ನು ತಮ್ಮ ಸರ್ಕಾರವೇ 2023ರಲ್ಲಿ ತೋರಿಸಿಕೊಟ್ಟಿದೆ. ಗೃಹಲಕ್ಷ್ಮಿಗೆ ಅರ್ಜಿ ಹಾಕಿದ ಯಜಮಾನಿಯನ್ನು ನೀನು ಎಷ್ಟು ಬಡವಳು ಎಂದು ಯಾರೂ ಕೇಳಲಿಲ್ಲ. ಆದಾಯ ತೆರಿಗೆ ಕಟ್ಟುವವರನ್ನು, ಜಿಎಸ್‌ಟಿ ಸಲ್ಲಿಸುವವರನ್ನು ಹೊರಗಿಟ್ಟು ಉಳಿದವರೆಲ್ಲ ಬನ್ನಿ ಎಂದರು. ಒಂದು ಕೋಟಿಗೂ ಹೆಚ್ಚು ಹೆಂಗಸರು ಆದಾಯದ ಸುಳ್ಳನ್ನು ಬರೆಯದೆ ಅದರೊಳಗೆ ಸೇರಿದರು. ಅತ್ತೆ ಯಜಮಾನಿಯೋ ಸೊಸೆ ಯಜಮಾನಿಯೋ ಎಂಬ ಜಗಳ ಊರೂರಲ್ಲಿ ಎದ್ದಿತ್ತು, ನಮ್ಮ ಓಣಿಯಲ್ಲೂ ಎರಡು ಮನೆಗಳ ಒಲೆ ಆಗಲೇ ಬೇರೆಯಾದವು, ಅದಿರಲಿ. ನಾನು ಹೇಳುವುದು ತತ್ವದ ಮಾತು: ಇಲ್ಲದವನು ತನ್ನ ಇಲ್ಲದಿರುವಿಕೆಯನ್ನು ಸಾಬೀತುಪಡಿಸುವುದು ಕಷ್ಟ, ಏಕೆಂದರೆ ಅದಕ್ಕೆ ದಾಖಲೆಯೇ ಇರುವುದಿಲ್ಲ. ಇದ್ದವನ ಇರುವಿಕೆ ಮಾತ್ರ ತೆರಿಗೆಯ ಪುಸ್ತಕದಲ್ಲಿ, ಸಂಬಳದ ಪಟ್ಟಿಯಲ್ಲಿ, ವಾಹನದ ನೋಂದಣಿಯಲ್ಲಿ, ಪಹಣಿಯಲ್ಲಿ ಅಚ್ಚೊತ್ತಿಕೊಂಡಿರುತ್ತದೆ. ಆದ್ದರಿಂದ ಸಾಮಾಜಿಕ ಭದ್ರತೆಯ ಎಲ್ಲ ಪಿಂಚಣಿಗಳಿಗೂ 32,000ದ ಈ ಮಿತಿಯನ್ನು ತೆಗೆದುಹಾಕಿ, ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ಸಂಬಳ ಅಥವಾ ನಿವೃತ್ತಿ ವೇತನ ಪಡೆಯುವವರು, ಇಷ್ಟು ಎಕರೆಗಿಂತ ಹೆಚ್ಚಿನ ನೀರಾವರಿ ಜಮೀನು ಉಳ್ಳವರು ಎಂದು ಹೊರಗಿಡುವವರ ಪಟ್ಟಿಯನ್ನು ಮಾಡಿ. ಅಂಥ ಪಟ್ಟಿ ಬಂದರೆ ನಾನೂ ಹೊರಗುಳಿಯುತ್ತೇನೆ. ಗ್ರಾಮೀಣ ಅಂಚೆ ಸೇವಕನಾಗಿದ್ದ ನನಗೆ ಸರ್ಕಾರಿ ನಿವೃತ್ತಿ ವೇತನವೇನೂ ಇಲ್ಲ, ಆದರೆ ಕಾಲುವೆಯ ನೀರು ಹಾಯುವ ನೆಲ ಇದೆ, ಮಗ ಬೆಂಗಳೂರಿನಲ್ಲಿ ದುಡಿಯುತ್ತಾನೆ. ಈ ಎಪ್ಪತ್ತೊಂದರ ವಯಸ್ಸಿನವರೆಗೂ ಪಗಾರಕ್ಕೆ ನಾನು ಅರ್ಜಿ ಹಾಕಿಲ್ಲ.

ಹಣ ಮಂಜೂರಾದ ಮೇಲೂ ಕೈಗೆ ಬರುವುದು ಇನ್ನೊಂದು ಕಥೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಾನು ಪೂಜಾರಿಯ ಜಾಗದಲ್ಲಿ ಕುಳಿತೇ ಕೇಳಿಸಿಕೊಂಡವನು. ಮನಿಯಾರ್ಡರಿನ ಕಾಲದಲ್ಲಿ ಹಣ ತಲುಪಿಸುವ ಕೆಲವು ಕೈಗಳು ಹತ್ತೋ ಇಪ್ಪತ್ತೋ ಹಿಡಿದುಕೊಂಡೇ ಕೊಡುತ್ತಿದ್ದವು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಸೋರಿಕೆಯನ್ನು ತಡೆಯಲು ಖಾತೆಗೆ ನೇರ ಹಣ ಹಾಕುವ ಕ್ರಮ ಬಂತು, ಬರಲೇಬೇಕಿತ್ತು. ಆದರೆ ಮಸಿಯ ಹೆಬ್ಬೆಟ್ಟಿಗೆ ಒಂದು ಗುಣವಿತ್ತು, ಅದು ಯಾವತ್ತೂ ‘ಹೊಂದುತ್ತಿಲ್ಲ’ ಎನ್ನುತ್ತಿರಲಿಲ್ಲ. ಈಗಿನ ಬೆರಳಚ್ಚಿನ ಯಂತ್ರದ ಮುಂದೆ ಒಮ್ಮೆ ಬಂದು ಕುಳಿತು ನೋಡಿ. ನಲವತ್ತು ವರ್ಷ ಹತ್ತಿ ಬಿಡಿಸಿ, ಕಳೆ ಕಿತ್ತು, ಮೆಣಸಿನಕಾಯಿ ಆಯ್ದು ಸವೆದ ಬೆರಳಲ್ಲಿ ಗೆರೆಗಳೇ ಉಳಿದಿರುವುದಿಲ್ಲ. ಅಜ್ಜಿ ಮೊದಲು ಬೆರಳನ್ನು ಸೆರಗಿಗೆ ಒರೆಸುತ್ತಾಳೆ, ಯಂತ್ರ ಕೆಂಪು ದೀಪ ತೋರಿಸುತ್ತದೆ. ಸಾಬೂನು ಹಚ್ಚಿ ತೊಳೆದು ಬರುತ್ತಾಳೆ, ಮತ್ತೆ ಕೆಂಪು. ಕೊನೆಗೆ ಯಾರೋ ಹೇಳಿಕೊಟ್ಟಂತೆ ಬೆರಳನ್ನು ತಲೆಗೂದಲಿಗೆ ತಿಕ್ಕಿ, ಒಂದಿಷ್ಟು ಎಣ್ಣೆಯ ಪಸೆ ಹತ್ತಿಸಿಕೊಂಡು ಒತ್ತುತ್ತಾಳೆ. ಒಮ್ಮೊಮ್ಮೆ ಹಸಿರು ಬರುತ್ತದೆ. ಬಾರದಿದ್ದರೆ, ನಾಳೆ ಬಾ ಅಜ್ಜಿ, ನೆಟ್‌ವರ್ಕ್ ಇಲ್ಲ ಎನ್ನುತ್ತಾರೆ, ಅವಳು ಹೋಗುತ್ತಾಳೆ.

ಖಾತೆಯ ಗೊಂದಲ ಇದಕ್ಕಿಂತ ಕೆಟ್ಟದ್ದು. ಮೇಲೆ ಹೇಳಿದ ತಂಗಿಯ ಪಗಾರ ಕಳೆದ ವರ್ಷ ಏಳು ತಿಂಗಳು ಬರಲಿಲ್ಲ. ಕಚೇರಿಯೊಂದರಲ್ಲಿ ಕೇಳಿದರೆ ಹಣ ಹೋಗಿದೆ ಎಂದರು, ಬ್ಯಾಂಕಿನಲ್ಲಿ ಕೇಳಿದರೆ ಹಣ ಬಂದಿಲ್ಲ ಎಂದರು, ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು. ಆಧಾರ್ ಸಂಖ್ಯೆಯನ್ನು ಕೊನೆಯದಾಗಿ ಯಾವ ಖಾತೆಗೆ ಜೋಡಿಸಲಾಗಿದೆಯೋ ಹಣ ಆ ಖಾತೆಗೇ ಹೋಗಿ ಬೀಳುತ್ತದೆ. ಸ್ವಸಹಾಯ ಸಂಘದ ಸಾಲಕ್ಕೆಂದು ಪೇಟೆಯ ಇನ್ನೊಂದು ಬ್ಯಾಂಕಿನಲ್ಲಿ ತೆರೆಸಿದ್ದ ಖಾತೆಯನ್ನು ಆಕೆ ಮರೆತೇಬಿಟ್ಟಿದ್ದರು, ಏಳು ತಿಂಗಳ ಪಗಾರ ಅಲ್ಲಿ ಕುಳಿತಿತ್ತು. ಅದನ್ನು ಹುಡುಕಲು ನಾವಿಬ್ಬರೂ ಆರು ಸಲ ತಾಲ್ಲೂಕಿಗೆ ಓಡಾಡಿದೆವು. ಶಕ್ತಿ ಯೋಜನೆಯ ಪುಣ್ಯ, ಆಕೆಗೆ ಬಸ್ಸಿನ ಖರ್ಚು ಬರಲಿಲ್ಲ. ಆದರೆ ಆರು ದಿನದ ಕೂಲಿ ಹೋಯಿತು. ಏಳು ತಿಂಗಳ ಹಣ 5,600 ರೂಪಾಯಿ, ಕಳೆದುಕೊಂಡ ಕೂಲಿಯನ್ನು ಕಳೆದರೆ ಉಳಿದದ್ದೆಷ್ಟು ಎಂದು ತಾವೇ ಲೆಕ್ಕ ಹಾಕಿಕೊಳ್ಳಬಹುದು. ಇಂಥದ್ದನ್ನು ಸರಿಪಡಿಸಲು ದೊಡ್ಡ ತಂತ್ರಜ್ಞಾನ ಬೇಕಾಗಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ತಿಂಗಳಿಗೊಮ್ಮೆ ಒಂದು ಪಟ್ಟಿ ಅಂಟಿಸಿದರೆ ಸಾಕು: ಯಾರ ಹಣ ಬಿಡುಗಡೆಯಾಯಿತು, ಯಾವ ಬ್ಯಾಂಕಿಗೆ ಹೋಯಿತು, ಯಾರದು ನಿಂತಿದೆ, ಯಾವ ಕಾರಣಕ್ಕೆ ನಿಂತಿದೆ. ಓದಲು ಬಾರದವರಿಗೆ ಓದಿ ಹೇಳುವವರು ಊರಲ್ಲಿ ಸಿಗುತ್ತಾರೆ.

ಅನರ್ಹರನ್ನು ಪಟ್ಟಿಯಿಂದ ಹೆಕ್ಕಿ ತೆಗೆಯುವ ಕೆಲಸ ಇಲಾಖೆಯಲ್ಲಿ ನಡೆದಿದೆ ಎಂದು ಕೇಳುತ್ತಿದ್ದೇನೆ. ತೆಗೆಯಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಹೆಂಡತಿಗೆ ಸರ್ಕಾರಿ ಸಂಬಳ ಬರುತ್ತಿದ್ದರೂ ಸಂಧ್ಯಾ ಸುರಕ್ಷಾ ತೆಗೆದುಕೊಳ್ಳುವವರನ್ನು, ನಲವತ್ತೆಂಟಕ್ಕೇ ಆಧಾರ್‌ನಲ್ಲಿ ಅರವತ್ತೈದು ಮಾಡಿಸಿಕೊಂಡವರನ್ನು ನಾನೂ ನೋಡಿದ್ದೇನೆ. ಆದರೆ ಹಣವನ್ನು ಮೊದಲು ನಿಲ್ಲಿಸಿ ಕಾರಣವನ್ನು ಆಮೇಲೆ ಹುಡುಕುವ ಪದ್ಧತಿ ಬೇಡ. ನಿಲ್ಲಿಸುವ ಮುನ್ನ ಬರಹದಲ್ಲಿ ನೋಟಿಸು ಕೊಡಬೇಕು, ಗ್ರಾಮ ಸಭೆಯಲ್ಲಿ ಹೆಸರು ಓದಬೇಕು, ಮೂವತ್ತು ದಿನ ಕಾಯಬೇಕು, ಆ ಮೂವತ್ತು ದಿನವೂ ಹಣ ಕೊಡುತ್ತಿರಬೇಕು. ನೂರು ಅನರ್ಹರಿಗೆ ಒಂದು ತಿಂಗಳ ಪಗಾರ ಹೆಚ್ಚು ಹೋದರೆ ಖಜಾನೆ ಬರಿದಾಗುವುದಿಲ್ಲ. ಒಬ್ಬ ಅರ್ಹಳಿಗೆ ನಿಂತರೆ ಮಾತ್ರ ಅವಳ ರಕ್ತದೊತ್ತಡದ ಗುಳಿಗೆ ಆ ತಿಂಗಳೇ ನಿಲ್ಲುತ್ತದೆ.

ಇನ್ನು ‘ಬಿಟ್ಟಿ ಭಾಗ್ಯ’ ಎಂಬ ಮಾತಿನ ಬಗ್ಗೆ. ಪೇಟೆಯ ಹೋಟೆಲಿನಲ್ಲಿ ಚಹಾ ಕುಡಿಯುವಾಗ, ಮದುವೆ ಮನೆಯ ಪಂಕ್ತಿಯಲ್ಲಿ, ವಿದ್ಯಾವಂತರು ಎನಿಸಿಕೊಂಡವರ ಬಾಯಲ್ಲಿ ಇದನ್ನು ದಿನವೂ ಕೇಳುತ್ತೇನೆ: ಜನ ಸೋಮಾರಿಗಳಾದರು, ಕೆಲಸಕ್ಕೆ ಆಳು ಸಿಗುತ್ತಿಲ್ಲ, ನಮ್ಮ ತೆರಿಗೆಯ ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಸೊಂಟ ಬಗ್ಗಿದ ಎಂಬತ್ತರ ಮುದುಕಿ ಸೋಮಾರಿಯಾಗುವುದು ಹೇಗೆ ಎಂದು ಕೇಳಿದರೆ ಉತ್ತರವಿಲ್ಲ. ತೆರಿಗೆಯ ಮಾತಿಗೂ ಒಂದು ಮಾತು ಇದೆ. ಬೆಂಕಿಪೊಟ್ಟಣ, ಸಾಬೂನು ಕೊಂಡಾಗಲೆಲ್ಲ ಆ ಮುದುಕಿಯೂ ತೆರಿಗೆ ಕಟ್ಟುತ್ತಾಳೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ಆದಾಯ ತೆರಿಗೆಯನ್ನು 30ರಿಂದ ಶೇಕಡಾ 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಕಡಿಮೆಯಾಗುತ್ತದೆಂದು ಆ ಸರ್ಕಾರವೇ ಅಂದಾಜು ಮಾಡಿತ್ತು. ಅದನ್ನು ಪ್ರೋತ್ಸಾಹ ಎಂದರು, ಬಿಟ್ಟಿ ಎನ್ನಲಿಲ್ಲ. ಇಡೀ ದೇಶದ ವೃದ್ಧರು, ವಿಧವೆಯರು, ಅಂಗವಿಕಲರ ಪಿಂಚಣಿಗೆಂದು ಕೇಂದ್ರ ತನ್ನ ಬಜೆಟ್ಟಿನಲ್ಲಿ ಇಡುತ್ತಿರುವುದು 9,652 ಕೋಟಿ. ದೇಶದ ವರಮಾನದಲ್ಲಿ ಶೇಕಡಾ 22ಕ್ಕೂ ಹೆಚ್ಚು ಪಾಲು ಮೇಲಿನ ಶೇಕಡಾ 1ರಷ್ಟು ಜನರ ಕೈ ಸೇರುತ್ತಿದೆ ಎಂದು ಅರ್ಥಶಾಸ್ತ್ರಜ್ಞರು 2022-23ನೇ ಸಾಲಿಗೆ ಅಂದಾಜು ಮಾಡಿದ್ದಾರೆ. ಇಂಥ ದೇಶದಲ್ಲಿ ಖಜಾನೆಯ ತೂತು ಮುದುಕಿಯ ಸಂಚಿಯಲ್ಲಿದೆ ಎಂದು ನಂಬುವುದು ನನ್ನಿಂದಾಗದು.

ಹಾಗೆಂದು ಪಗಾರ ಕೊಟ್ಟರೆ ಬಡತನವೂ ಅಸಮಾನತೆಯೂ ತೊಲಗಿಬಿಡುತ್ತವೆ ಎಂಬ ಭ್ರಮೆ ನನಗಿಲ್ಲ. ಧಾರವಾಡದಲ್ಲಿ ಅರ್ಥಶಾಸ್ತ್ರ ಓದುತ್ತಿರುವ ನನ್ನ ಮೊಮ್ಮಗಳು ದಕ್ಷಿಣ ಆಫ್ರಿಕದ ಸಂಗತಿಯನ್ನು ಹೇಳುತ್ತಿದ್ದಳು. ಅಲ್ಲಿ 1928ರಲ್ಲಿ ವೃದ್ಧಾಪ್ಯ ವೇತನ ಆರಂಭವಾದಾಗ ಕರಿಯರಿಗೆ ಅದು ಇರಲೇ ಇಲ್ಲ. 1944ರಲ್ಲಿ ಕೊಟ್ಟರು, ಆದರೆ ಬಿಳಿಯರಿಗಿಂತ ಬಹಳ ಕಡಿಮೆ ಕೊಟ್ಟರು. ಇಬ್ಬರಿಗೂ ಸಮನಾದ ಮೊತ್ತ ಸಿಕ್ಕಿದ್ದು 1993ರಲ್ಲಿ. ಈಗ ಆರು ಕೋಟಿಗೂ ಮೀರಿದ ಜನರಿರುವ ಆ ದೇಶದಲ್ಲಿ ಸುಮಾರು ಎರಡು ಕೋಟಿ ಕಾಯಂ ಸಹಾಯಧನಗಳು ಪ್ರತಿ ತಿಂಗಳು ಸಂದಾಯವಾಗುತ್ತವೆ. ಮುಂದೆ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಅಲ್ಲಿ ಅಧ್ಯಯನ ಮಾಡಿ ನೋಡಿದಾಗ, ವೇತನ ಅಜ್ಜಿಯ ಕೈಗೆ ಬಂದ ಮನೆಗಳಲ್ಲಿ ಮೊಮ್ಮಗಳು ಮೈ ತುಂಬಿಕೊಂಡು ಬೆಳೆದಿದ್ದಳು. ಅಜ್ಜನ ಕೈಗೆ ಬಂದಲ್ಲಿ ಅಂಥ ಫಲ ಕಾಣಲಿಲ್ಲ. ಈ ಕೊನೆಯ ಮಾತನ್ನು ಅವಳು ನನ್ನ ಮುಖ ನೋಡಿಕೊಂಡೇ ಹೇಳಿದಳು. ಇಷ್ಟಾದರೂ ಜಗತ್ತಿನಲ್ಲಿ ಅತಿ ಹೆಚ್ಚು ಅಸಮಾನತೆ ಇರುವ ದೇಶಗಳ ಸಾಲಿನಲ್ಲಿ ಇಂದಿಗೂ ಅದು ಮುಂದೆಯೇ ಇದೆ, ಏಕೆಂದರೆ ಭೂಮಿ, ಗಣಿ, ಒಳ್ಳೆಯ ಶಾಲೆ, ಒಳ್ಳೆಯ ಕೆಲಸ ಯಾರ ಕೈಯಲ್ಲಿದ್ದವೋ ಹೆಚ್ಚಾಗಿ ಅವರ ಕೈಯಲ್ಲೇ ಉಳಿದವು.

ನಮ್ಮ ಜಿಲ್ಲೆಯ ಮಟ್ಟಿಗೂ ಇದು ಹೊಸ ವಿಷಯವಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ ಅತಿ ಹಿಂದುಳಿದ 39ರಲ್ಲಿ ಅರ್ಧಕ್ಕೂ ಹೆಚ್ಚು ನಮ್ಮ ಕಲ್ಯಾಣ ಕರ್ನಾಟಕದವು. ಹಿಂಗಾರು ಕೈಕೊಟ್ಟ ವರ್ಷ ದುಡಿಯುವ ವಯಸ್ಸಿನವರೆಲ್ಲ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ, ಊರಲ್ಲಿ ಉಳಿಯುವುದು ಮುದುಕರು ಮತ್ತು ಶಾಲೆಯ ಮಕ್ಕಳು. ಆ ಮನೆಗಳಲ್ಲಿ 1,200 ರೂಪಾಯಿಯ ಪಗಾರ ಒಬ್ಬರ ಹೊಟ್ಟೆಗೆ ಅಲ್ಲ, ಮೂವರ ಹೊಟ್ಟೆಗೆ. ಕೈಗಾರಿಕೆ, ನೀರಾವರಿ, ಶಾಲೆ ಇವೆಲ್ಲ ಆಗಬೇಕು, ಆಗುವಾಗ ಆಗಲಿ. ಅಲ್ಲಿಯವರೆಗೆ ಕಟ್ಟೆಯ ಮೇಲೆ ಕುಳಿತವರು ಉಣ್ಣಬೇಕಲ್ಲ.

ಕೇಂದ್ರದ ಪಾಲಿನ ವಿಷಯವನ್ನು ತಾವು ದೆಹಲಿಯಲ್ಲಿ ಎತ್ತಬೇಕೆಂಬುದು ನನ್ನ ಇನ್ನೊಂದು ವಿನಂತಿ. 1995ರಲ್ಲಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಬಂದಾಗ ಆ ಪಾಲು 75 ರೂಪಾಯಿ ಇತ್ತು, ಮುಂದೆ 200 ಆಯಿತು. ಎಂಬತ್ತು ತುಂಬದವರಿಗೆ ಸುಮಾರು ಎರಡು ದಶಕದಿಂದ ಅದು 200ರಲ್ಲಿಯೇ ನಿಂತಿದೆ. ಎಷ್ಟೋ ಸರ್ಕಾರಗಳು ಬಂದು ಹೋದವು, ಎಲ್ಲ ಬಣ್ಣದ ಬಾವುಟಗಳೂ ಹಾರಿದವು, ಈ ಒಂದು ಅಂಕಿ ಮಾತ್ರ ಕದಲಲಿಲ್ಲ. 2011ರಲ್ಲಿ ಅದು ಒಂದೂವರೆ ದಿನದ ಉದ್ಯೋಗ ಖಾತ್ರಿ ಕೂಲಿಗಿಂತ ಹೆಚ್ಚಿತ್ತು, ಈಗ ಅರ್ಧ ದಿನದ ಕೂಲಿಯಷ್ಟಿದೆ. ತೆರಿಗೆಯಲ್ಲಿ ರಾಜ್ಯಕ್ಕೆ ಬರಬೇಕಾದ ಪಾಲಿನ ಬಗ್ಗೆ ತಾವು ಹೋರಾಡುವುದನ್ನು ಪತ್ರಿಕೆಗಳಲ್ಲಿ ಓದುತ್ತೇನೆ; ಆ ಮನವಿಯ ಕೊನೆಯಲ್ಲಿ ಈ 200 ರೂಪಾಯಿಗೂ ಒಂದು ಸಾಲು ಸಿಗಲಿ.

ಬರುವ ಮಾರ್ಚ್‌ನ ಬಜೆಟ್ಟಿನಲ್ಲಿ ಪಗಾರವನ್ನು ಇಷ್ಟು ಏರಿಸಿದೆವು ಎಂಬ ಘೋಷಣೆಗಿಂತ, ಇನ್ನು ಮುಂದೆ ಪ್ರತಿ ಏಪ್ರಿಲ್‌ನಲ್ಲಿ ಕೂಲಿಯ ಜೊತೆಗೇ ಇದೂ ತಾನಾಗಿ ಏರುತ್ತದೆ ಎಂಬ ನಿಯಮವೊಂದು ಬಂದರೆ ಅದು ದೊಡ್ಡದು. ವಿಧವೆಯ ಮೊತ್ತ ವೃದ್ಧರ ಮೊತ್ತಕ್ಕೆ ಸಮನಾಗಲಿ, 32,000ದ ಗೆರೆ ಅಳಿಸಿಹೋಗಲಿ, ಹಣ ಐದನೆಯ ತಾರೀಖಿನೊಳಗೆ ಬರಲಿ. ನಾನು ಬರೆದುಕೊಟ್ಟ ಸುಳ್ಳು ಆದಾಯಗಳಿಗಾಗಿ ಇಲಾಖೆ ನನ್ನ ಮೇಲೆ ಕ್ರಮ ಕೈಗೊಳ್ಳುವುದಾದರೆ ಆಗಲಿ, ವಿಳಾಸ ತಹಶೀಲ್ದಾರರಿಗೆ ಗೊತ್ತಿದೆ.

ಈ ಪತ್ರಕ್ಕೆ ಉತ್ತರವನ್ನು ನನಗೆ ಬರೆಯಬೇಕಾಗಿಲ್ಲ. ನಮ್ಮ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಸಾಕು. ಕಟ್ಟೆಯ ಮೇಲೆ ಕುಳಿತವರಿಗೆ ಕಾಗದ ಓದಿ ಹೇಳುವ ಕೆಲಸ ನನಗೆ ಹೊಸದಲ್ಲ.

ತಮ್ಮ ವಿಶ್ವಾಸಿ,
ನಿವೃತ್ತ ಶಾಖಾ ಅಂಚೆಪಾಲಕ
ರಾಯಚೂರು ತಾಲ್ಲೂಕು